ಅಕ್ಕನ ಮಂಡಿಯ ದುಡ್ಡು

ಕೆಲಸ ಬಿಡುತ್ತೇನೆ ಎಂದಾಗ ನಮ್ಮ ಅಡುಗೆಮನೆಯ ಮಾಲೀಕ ಮೊದಲು ಕೇಳಿದ್ದು, "ಆಂಟಿ, ನಿಮ್ಮ ಸೂಪರ್ ಏನ್ಮಾಡ್ತೀರ?" ಎಂದು. ನಾನು ಒಬ್ಬಟ್ಟು ತಟ್ಟುತ್ತಿದ್ದೆ. ಕೈ ನಿಲ್ಲಿಸದೆ, "ಏನಪ್ಪ ಮಾಡೋದು, ಅಲ್ಲೇ ಇರ್ತದಲ್ಲ" ಎಂದೆ.

"ಅಲ್ಲೇ ಅಂದ್ರೆ ಎಲ್ಲಿ, ಗೊತ್ತಾ?"

ಗೊತ್ತಿರಲಿಲ್ಲ. ಈ ದೇಶದಲ್ಲಿ ಕೆಲಸ ಕೊಟ್ಟವರು ಸಂಬಳವಲ್ಲದೆ ಇನ್ನೊಂದು ಪಾಲನ್ನು ನಮ್ಮ ಮುಪ್ಪಿಗೆಂದು ಒಂದು ಫಂಡಿಗೆ ಕಟ್ಟಬೇಕು. ಅದನ್ನೇ ಸೂಪರ್ ಅನ್ನುತ್ತಾರೆ. ಊರಿನ ಪಿಎಫ್ ಇದ್ದ ಹಾಗೆ. ಆದರೆ ಆ ದುಡ್ಡನ್ನು ಯಾವುದರಲ್ಲಿ ತೊಡಗಿಸಬೇಕು ಎಂದು ನಾವೇ ಆರಿಸಬಹುದು. ನಾವು ಸುಮ್ಮನಿದ್ದರೆ ಅವರೇ ಒಂದು ಕಡೆ ಹಾಕಿಡುತ್ತಾರೆ. ನಾನು ಇಷ್ಟು ವರ್ಷ ಸುಮ್ಮನಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆರಿಸು ಎಂದರೆ ಅಕ್ಕಿಯಲ್ಲಿ ಕಲ್ಲು ಆರಿಸಿಯೇನು, ಇದನ್ನು ಎಲ್ಲಿಂದ ಆರಿಸಲಿ ಎಂದುಕೊಂಡಿದ್ದೆ.

ನಮ್ಮ ಅಡುಗೆಮನೆ ಬ್ಲ್ಯಾಕ್‌ಟೌನ್‌ನಲ್ಲಿ, ಅಂಗಡಿ ಸಾಲಿನ ಹಿಂಬದಿಯಲ್ಲಿದೆ. ಇಡ್ಲಿ ಹಿಟ್ಟು, ದೋಸೆ ಹಿಟ್ಟು, ಒಬ್ಬಟ್ಟು, ಚಟ್ನಿಪುಡಿ ಮಾಡಿ ಸಿಡ್ನಿಯ ಇಂಡಿಯನ್ ಅಂಗಡಿಗಳಿಗೆ ಕಳಿಸುವುದು ಕೆಲಸ. ನಾವು ಐದು ಜನ ಹೆಂಗಸರು. ಹಿಟ್ಟು ರುಬ್ಬುವವಳು ಅಕ್ಕ. ನನಗೆ ಒಡಹುಟ್ಟಿದವಳಲ್ಲ, ಹಾಸನದ ಕಡೆಯವಳು. ಅರವತ್ತೈದು ದಾಟಿದವಳು, ನನಗಿಂತ ಐದಾರು ವರ್ಷ ದೊಡ್ಡವಳು, ಇಡೀ ಅಡುಗೆಮನೆಗೇ ಅಕ್ಕ. ಅವಳ ಮಗನ ಮನೆಯ ಹಿಂದಿನ ಕೋಣೆಯಲ್ಲೇ ನಾನು ಬಾಡಿಗೆಗಿದ್ದೆ. ಮಗಳು ಅಳಿಯ ಮೆಲ್ಬರ್ನ್‌ನ ಟ್ರುಗನಿನಾದಲ್ಲಿ ಮನೆ ಕೊಂಡು ಹೋದ ಮೇಲೂ ಕೆಲಸ ಬಿಡಲು ಮನಸ್ಸಾಗದೆ ಇಲ್ಲೇ ಉಳಿದಿದ್ದೆ. ಈಗ ಮಗಳು ಬಸುರಿ. ಹೆರಿಗೆಗೆ ತಾಯಿ ಇರಬೇಡವೆ? ಹೊರಟೆ.

ಅಕ್ಕನ ಎಡಮಂಡಿ ಸವೆದು ಹೋಗಿತ್ತು. ಗ್ರೈಂಡರ್ ಮುಂದೆ ನಿಂತವಳು ಒಂದು ಕಾಲಿನ ಮೇಲೆ ಕೊಕ್ಕರೆಯ ಹಾಗೆ ನಿಲ್ಲುತ್ತಿದ್ದಳು. ಸರ್ಕಾರಿ ಆಸ್ಪತ್ರೆಯಲ್ಲಿ ಮಂಡಿ ಬದಲಾಯಿಸುವ ಆಪರೇಷನ್ ಪುಕ್ಕಟೆಯಾಗಿ ಮಾಡುತ್ತಾರೆ, ಆದರೆ ಸರದಿ ಯಾವಾಗ ಬರುತ್ತದೆ ಎಂದು ಕೇಳಿದರೆ ಬರುತ್ತದೆ ಎನ್ನುತ್ತಾರೆ. ಅದಕ್ಕೇ ಖಾಸಗಿ ಡಾಕ್ಟರನ್ನು ನೋಡಿ, ಚಳಿ ಶುರುವಾಗುವ ಮೊದಲು ಆಪರೇಷನ್ನಿಗೆ ದಿನ ಗೊತ್ತು ಮಾಡಿಸಿದ್ದಳು. ಅರವತ್ತೈದು ದಾಟಿದವರು ಕೆಲಸದಲ್ಲಿರುವಾಗಲೇ ಸೂಪರ್ ತೆಗೆಯಬಹುದು. ಅವಳ ಮಂಡಿಯ ದುಡ್ಡು ಅಲ್ಲಿತ್ತು. ಬೇರೆ ಎಲ್ಲೂ ಇರಲಿಲ್ಲ. ಮಗನಿಗೆ ಮನೆ ಸಾಲದ ಮಾರ್ಟ್‌ಗೇಜ್ ಕುತ್ತಿಗೆ ತನಕ ಬಂದಿತ್ತು, ಅವನನ್ನು ಕೇಳುವವಳಲ್ಲ ಅವಳು.

ನನ್ನದು ಎರಡು ಗಂಟು. ಒಂದು ಸೂಪರ್. ಇನ್ನೊಂದು ಬ್ಯಾಂಕಿನಲ್ಲಿ ಕಾಯಿಲೆ ಕಸಾಲೆಗೆಂದು ಇಟ್ಟದ್ದು. ಇಲ್ಲಿ ಸರ್ಕಾರದ ಮೆಡಿಕೇರ್ ಡಾಕ್ಟರಿಗೆ, ಸರ್ಕಾರಿ ಆಸ್ಪತ್ರೆಗೆ ಕೊಡುತ್ತದೆ, ದೊಡ್ಡವರ ಹಲ್ಲಿಗೆ ಕೊಡುವುದಿಲ್ಲ. ನನ್ನ ಮೇಲಿನ ಸಾಲಿನಲ್ಲಿ ಉಳಿದಿರುವುದು ನಾಲ್ಕೇ ಹಲ್ಲು. ಆ ಗಂಟು ಅದಕ್ಕೆ.

ಟ್ರುಗನಿನಾಕ್ಕೆ ಹೋದ ಮೇಲೆ ಅಳಿಯನೇ ನನ್ನ ಮೇಷ್ಟ್ರು. ಐಟಿ ಕೆಲಸ, ಮನೆಯಿಂದಲೇ ಮಾಡುತ್ತಾನೆ. ಊಟದ ಬಿಡುವಿನಲ್ಲಿ ಲ್ಯಾಪ್‌ಟಾಪ್ ತಂದು ನನ್ನ ಮುಂದೆ ಇಡುತ್ತಿದ್ದ. ನಾನು ಮೆಂತ್ಯ ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದೆ. ಒಂದೇ ದಿನದಲ್ಲಿ ತಲೆಗೆ ಹೋಗಲಿಲ್ಲ, ಎಷ್ಟೋ ಊಟಗಳಾದವು.

ಫಂಡಿನವರು ದುಡ್ಡನ್ನು ಇಡಲು ಬೇರೆ ಬೇರೆ ಆಯ್ಕೆ ಕೊಟ್ಟಿದ್ದರು. ಒಂದು ಬರೀ ಬ್ಯಾಂಕಿನಲ್ಲಿ ಇಟ್ಟ ಹಾಗೆ, ಅದನ್ನು ಕ್ಯಾಶ್ ಎನ್ನುತ್ತಾರೆ. ಒಂದು ಅರ್ಧ ಷೇರು, ಅರ್ಧ ಸಾಲಪತ್ರ. ಒಂದು ದೊಡ್ಡ ಕಂಪನಿಗಳ ಷೇರು. ಕಡೆಯದು ಸಣ್ಣ ಕಂಪನಿಗಳದ್ದು. ಇನ್ನೂ ಬೆಳೆಯುತ್ತಿರುವ, ಹೆಸರು ಕೇಳಿರದ ಕಂಪನಿಗಳ ಷೇರನ್ನು ನೂರಾರು ಸೇರಿಸಿ ಕೊಳ್ಳುತ್ತಾರಂತೆ. ಬೆಳೆದರೆ ಚೆನ್ನಾಗಿ ಬೆಳೆಯುತ್ತವೆ. ಮುಳುಗುವವೂ ಇರುತ್ತವೆ.

ನಾನು ಮೊದಲು ಕೇಳಿದ್ದು, "ಹೋದ ವರ್ಷ ಯಾವುದು ಜಾಸ್ತಿ ಕೊಡ್ತು?" ಎಂದು.

"ಅದನ್ನ ನೋಡ್ಬೇಡಿ ಅತ್ತೆ," ಎಂದ. "ಬಿದ್ದ ವರ್ಷ ಎಷ್ಟು ಬಿತ್ತು ನೋಡಿ. ಅದನ್ನ ನೋಡಿದ ಮೇಲೂ ನಿದ್ದೆ ಬರುತ್ತೆ ಅಂದ್ರೆ ಮಾತ್ರ ಹಾಕಿ."

ತೋರಿಸಿದ. ಸೊಪ್ಪಿನ ತಟ್ಟೆ ಪಕ್ಕಕ್ಕಿಟ್ಟೆ. ಆಮೇಲೆ ಅವರು ಹಿಡಿದುಕೊಳ್ಳುವ ಫೀ ತೋರಿಸಿದ, ಬೇರೆಯದಕ್ಕಿಂತ ಜಾಸ್ತಿ. ಇನ್ನೊಂದು ಫಂಡಿನಲ್ಲಿ ಸಣ್ಣ ಕಂಪನಿ ಆಯ್ಕೆಯ ಫೀ ಕಡಿಮೆಯಿತ್ತು. ಆದರೆ ಅಲ್ಲಿಗೆ ಹೋದರೆ ಈ ಫಂಡಿನ ಜೊತೆಗಿದ್ದ ಇನ್ಶೂರೆನ್ಸ್ ಹೋಗುತ್ತದೆ, ಈ ವಯಸ್ಸಿಗೆ ಹೊಸದು ಸಿಗುವುದಿಲ್ಲ ಎಂದ. ಒಂದು ದಿನ ಇದು, ಒಂದು ದಿನ ಅದು. ಮಗಳು ಹೊಟ್ಟೆ ಹಿಡಿದುಕೊಂಡು ಸೋಫಾದಲ್ಲಿ ಕೂತು, "ನಿಮ್ಮಿಬ್ಬರಿಗೂ ಹುಚ್ಚು" ಎನ್ನುತ್ತಿದ್ದಳು.

"ಇಷ್ಟು ಬೀಳೋದಾದ್ರೆ ನನಗ್ಯಾಕಪ್ಪ ಇದು?" ಎಂದೆ ನಾನು.

"ಯಾಕಂದ್ರೆ ಇದು ನೀವು ಎಂಬತ್ತು ದಾಟಿದ ಮೇಲೆ ಬೇಕಾಗೋ ದುಡ್ಡು. ಇಪ್ಪತ್ತು ವರ್ಷ ಇದೆ. ಅಷ್ಟರಲ್ಲಿ ಬಿದ್ದು ಎದ್ದು ಬಿದ್ದು ಎದ್ದು ಇರುತ್ತೆ."

ಇಪ್ಪತ್ತು ವರ್ಷ! ಅಳಿಯ ಲೆಕ್ಕ ಹೇಳುತ್ತಿದ್ದ, ನನ್ನ ಕಣ್ಣಲ್ಲಿ ನೀರು. ಹುಟ್ಟಲಿರುವ ಮಗುವಿಗೆ ಆಗ ಇಪ್ಪತ್ತು ತುಂಬಿರುತ್ತದೆ. ಕಾಲೇಜಿಗೆ ಹೋಗುತ್ತಿರುತ್ತದೆ, ಕಾರು ಓಡಿಸುತ್ತಿರುತ್ತದೆ, ನಾನು ಪಕ್ಕದ ಸೀಟಿನಲ್ಲಿ ಕೂತು ನಿಧಾನಕ್ಕೆ ಹೋಗು ಎನ್ನುತ್ತಿರುತ್ತೇನೆ. ಅಷ್ಟು ದಿನ ನಾನು ಇರುತ್ತೇನೆ ಎಂದು ಒಬ್ಬರು ಗಟ್ಟಿಯಾಗಿ ನಂಬಿ ಮಾತಾಡಿದ್ದು ಅದೇ ಮೊದಲು.

ಆ ಖುಷಿಯಲ್ಲಿ, "ಹಂಗಾದ್ರೆ ಎಲ್ಲಾನೂ ಹಾಕು, ಹಲ್ಲಿನ ದುಡ್ಡನ್ನೂ ಹಾಕು" ಎಂದುಬಿಟ್ಟೆ.

ಅಳಿಯ ಲ್ಯಾಪ್‌ಟಾಪ್ ಮುಚ್ಚಿದ. "ಹಲ್ಲಿನ ದುಡ್ಡಿಗೆ ಕೈ ಹಾಕ್ಬಾರ್ದು. ಅದು ನಾಳೆ ಬೇಕಾಗೋದು. ಸೂಪರ್‌ನಲ್ಲೂ ಕಾಲು ಭಾಗ ಸಾಕು. ಮಿಕ್ಕಿದ್ದು ಇದ್ದಲ್ಲೇ ಇರ್ಲಿ. ನಾನು ಸಲಹೆಗಾರ ಅಲ್ಲ ಅತ್ತೆ, ನಿಮ್ಮ ಅಳಿಯ ಅಷ್ಟೆ. ನನ್ನ ಮಾತು ಬೇಡ ಅಂದ್ರೆ ಫಂಡಿನವರಿಗೇ ಫೋನ್ ಮಾಡಿ ಕೇಳಿ, ಕನ್ನಡ ಬರೋ ದುಭಾಷಿನ ಲೈನಿಗೆ ಕೂಡಿಸ್ತಾರೆ."

ಬೇಡ, ನಿನ್ನ ಮಾತು ಸಾಕು ಎಂದೆ. ಕಾಲು ಭಾಗ ಸಣ್ಣ ಕಂಪನಿಗೆ ಹೋಯಿತು. ಗುಂಡಿಯನ್ನು ನಾನೇ ಒತ್ತಿದೆ.

ಆ ವಾರವೇ ಮೊಮ್ಮಗಳು ಹುಟ್ಟಿದಳು. ಏನೆಂದು ಬರೆಯಲಿ! ದಾದಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಾಗ ಅಷ್ಟು ಜನರ ಮುಂದೆ ನಾನು ಸೋಬಾನೆ ಹೇಳಿಬಿಟ್ಟೆ. ಪಕ್ಕದ ಹಾಸಿಗೆಯ ಚೀನೀ ಅಜ್ಜಿ ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು, ಇಬ್ಬರೂ ಅಳುತ್ತಿದ್ದೆವು. ಮಗುವಿನ ಕಿವಿ ನಮ್ಮ ಯಜಮಾನರ ಕಿವಿ. ಅವರು ಹೋಗಿ ಎಷ್ಟೋ ವರ್ಷವಾದ ಮೇಲೆ ಆ ಕಿವಿಯನ್ನು ಮತ್ತೆ ಕಂಡೆ.

ಹೊರಗೆ ಕಾರಿಡಾರಿಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ಹೆಣ್ಣು! ಹೆಣ್ಣು ಕಣಕ್ಕ! ಎಲ್ಲಾ ಚೆನ್ನಾಗಾಯ್ತು. ದುಡ್ಡಿನ ಕೆಲಸನೂ ಆಯ್ತು, ಅಳಿಯ ಹೇಳಿ ಸಣ್ಣ ಕಂಪನಿಗೆ ಹಾಕಿಸ್ದ. ಇಪ್ಪತ್ತು ವರ್ಷದಲ್ಲಿ ಎಲ್ಲಿಗೋ ಹೋಗ್ತದಂತೆ. ಎಲ್ಲಾ ಒಂದೇ ವಾರದಲ್ಲಿ!"

"ಒಳ್ಳೇ ಗಳಿಗೆ ಕಣೇ," ಎಂದಳು ಅಕ್ಕ. ಅವಳೂ ಅಳುತ್ತಿದ್ದಳು.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಅಡುಗೆಮನೆಯಲ್ಲಿ ಐದೂ ಜನ ಸೇರಿ ಚೀಟಿ ನಡೆಸುತ್ತಿದ್ದೆವು. ತಿಂಗಳಿಗೊಮ್ಮೆ ಎಲ್ಲರೂ ಇಷ್ಟಿಷ್ಟು ಹಾಕುವುದು, ಅವಸರವಿದ್ದವರು ಅದರಲ್ಲಿ ಒಂದಿಷ್ಟು ಬಿಟ್ಟುಕೊಟ್ಟು ಗಂಟು ಎತ್ತುವುದು, ಬಿಟ್ಟದ್ದನ್ನು ಉಳಿದವರು ಹಂಚಿಕೊಳ್ಳುವುದು. ಅದಕ್ಕೆ ನಾನೇ ತಲೆ. ನಾನು ಒಳ್ಳೆಯ ದಿನ ನೋಡಿ ಶುರು ಎಂದರೆ ಅವತ್ತೇ ಎಲ್ಲರೂ ಹಾಕುತ್ತಿದ್ದರು. ಯಾಕೆ, ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ತಲೆಯವಳನ್ನು ನಂಬದ ಹಾಗೆ ಎನ್ನುವುದು ನಮ್ಮ ವಾಡಿಕೆ. ಅಂಥವಳು ಫೋನಿನಲ್ಲಿ ಕಾಲು ಭಾಗ ಎಂದು ಹೇಳಲಿಲ್ಲ. ಹಲ್ಲಿನ ದುಡ್ಡನ್ನು ಮುಟ್ಟಬೇಡ ಎಂದು ಅಳಿಯ ಗದರಿದ್ದನ್ನೂ ಹೇಳಲಿಲ್ಲ. ಕೈಯಲ್ಲಿ ಇನ್ನೂ ಮಗುವಿನ ಬಿಸಿ ಇತ್ತು. ಅಷ್ಟುದ್ದ ಯಾರು ಹೇಳುತ್ತಾರೆ?

ಅಕ್ಕ ಅವತ್ತೇ ಮಾಲೀಕನಿಗೆ ತನ್ನ ಫೋನ್ ಕೊಟ್ಟು, "ನಂದೂ ಸಣ್ಣ ಕಂಪನಿಗೆ ಹಾಕಪ್ಪ" ಎಂದಳಂತೆ. "ಎಲ್ಲಾನೂನಾ?" ಎಂದನಂತೆ ಅವನು. "ಎಲ್ಲಾನೂ. ಅವಳು ಹಾಕವ್ಳೆ."

ಇದೊಂದೂ ನನಗೆ ಗೊತ್ತಿಲ್ಲ. ನಾನು ಮೆಲ್ಬರ್ನ್‌ನಲ್ಲಿ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದೆ, ಬಾಣಂತಿಗೆ ಮೆಣಸಿನ ಸಾರು ಮಾಡುತ್ತಿದ್ದೆ, ಸಾಂಬ್ರಾಣಿ ಹಾಕಿ ಹೊಗೆಯ ಅಲಾರಂ ಕೂಗಿಸುತ್ತಿದ್ದೆ. ಮಗುವಿಗೂ ಹಲ್ಲಿಲ್ಲ, ನನಗೂ ಹಲ್ಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೊಚ್ಚುಬಾಯಿ ತೆರೆದು ನಗುತ್ತಿದ್ದೆವು. ನಡುವೆ ಷೇರು ಪೇಟೆ ಇಳಿಯಿತು. ಸಣ್ಣ ಕಂಪನಿಗಳು ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಜೋರಾಗಿ ಇಳಿದವು. ಅಳಿಯ, "ನೋಡ್ಬೇಡಿ ಅತ್ತೆ" ಎಂದ. ನೋಡಲಿಲ್ಲ. ನಿದ್ದೆ ಬಂತು. ನನ್ನ ಗಂಟಿನಲ್ಲಿ ಮುಕ್ಕಾಲು ಬೇರೆ ಕಡೆ ಇತ್ತು, ಮತ್ತೆ ನನಗೆ ಬೇಕಾದದ್ದು ಇಪ್ಪತ್ತು ವರ್ಷಕ್ಕೆ.

ಆಮೇಲೊಂದು ದಿನ ಮಾಲೀಕನ ಫೋನು. "ಆಂಟಿ, ಅಕ್ಕ ಮಧ್ಯಾಹ್ನ ಊಟಕ್ಕೆ ಕೂತವರು ಏಳಕ್ಕಾಗ್ಲಿಲ್ಲ. ಇಬ್ಬರು ಹಿಡ್ಕೊಂಡು ಎಬ್ಬಿಸಿದ್ವಿ. ಆಪರೇಷನ್ ಯಾವತ್ತು ಅಂತ ಕೇಳಿದ್ರೆ ಕ್ಯಾನ್ಸಲ್ ಮಾಡ್ಸಿದೀನಿ ಅಂತಾರೆ. ನಿಮಗೆ ಗೊತ್ತಾ?"

ಅಕ್ಕನಿಗೆ ಫೋನ್ ಹಚ್ಚಿದೆ. ಎತ್ತಿದವಳೇ, "ಮಗಾ ಹೆಂಗೈತೆ?" ಎಂದಳು.

"ಮಗು ಇರ್ಲಿ. ಡೇಟ್ ಯಾಕೆ ಕ್ಯಾನ್ಸಲ್ ಮಾಡ್ಸಿದ್ದು?"

"ಈಗ ಇಳ್ದದೆ ಕಣೇ. ಈಗ ತೆಗೆದ್ರೆ ಮಂಡಿಗೆ ಸಾಲಲ್ಲ. ಏರ್ಲಿ ಅಂತ ಕಾಯ್ತಿದೀನಿ. ನೀನೂ ಕಾಯ್ತಿದೀಯಲ್ಲ?"

ನನ್ನ ಕೈಯಲ್ಲಿದ್ದ ಮಗು ಅಷ್ಟು ಹೊತ್ತಿಗೆ ಅಳಲು ಶುರು ಮಾಡಿತು. ಅದನ್ನು ಸಮಾಧಾನ ಮಾಡಬೇಕೆಂದೂ ನನಗೆ ಹೊಳೆಯಲಿಲ್ಲ. ನೀನೂ ಕಾಯ್ತಿದೀಯಲ್ಲ ಎಂದಳಲ್ಲ. ಆ ಮಾತಿನಲ್ಲಿ ದೂರು ಇರಲಿಲ್ಲ. ಜೊತೆಗೆ ಕಾಯುತ್ತಿದ್ದೇವೆ ಎನ್ನುವ ಸಂತೋಷವಿತ್ತು. ಅದೇ ನನ್ನನ್ನು ಇರಿಯಿತು.

ಮಗಳಿಗೆ ಹೇಳಿದೆ, ಸಿಡ್ನಿಗೆ ಹೋಗಿ ಬರುತ್ತೇನೆ ಎಂದು. ಅವಳಿಗೆ ಕೋಪ ಬಂತು. "ಬಾಣಂತನ ಅರ್ಧಕ್ಕೆ ಬಿಟ್ಟು ಹೋಗ್ತೀಯಾ? ಏನಿದೆಯೋ ಫೋನಲ್ಲೇ ಹೇಳಮ್ಮ."

"ಫೋನಲ್ಲಿ ಹೇಳಿದ್ದಕ್ಕೇ ಹಿಂಗಾಗಿರೋದು," ಎಂದೆ.

ಅಳಿಯ ವಿಮಾನದ ಟಿಕೆಟ್ ಬುಕ್ ಮಾಡಿದ. ಏರ್‌ಪೋರ್ಟಿನಲ್ಲಿ ಇಳಿಸುವಾಗ ಹೇಳಿದ, "ನಾನು ನಿಮಗೆ ಹೇಳಿದ್ದು ನಿಮ್ಮ ಒಬ್ಬರಿಗೆ ಅತ್ತೆ. ಅವರಿಗೆ ಅಂದಿದ್ರೆ ಬೇರೆ ಹೇಳ್ತಿದ್ದೆ."

"ಗೊತ್ತಪ್ಪ. ನಿನ್ನ ತಪ್ಪಿಲ್ಲ, ಹೋಗು. ಮಗು ನೋಡ್ಕೋ."

ಅಕ್ಕನ ಮನೆ ತಲುಪಿದಾಗ ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಅಕ್ಕ ಬಾಗಿಲು ತೆಗೆಯಲು ಗೋಡೆ ಹಿಡಿದುಕೊಂಡು ಬಂದಳು. ಕಾಲು ಹೊರಕ್ಕೆ ಬಾಗಿತ್ತು. ನಾನು ಬಿಟ್ಟು ಹೋದಾಗ ಅಷ್ಟಿರಲಿಲ್ಲ. ಗದರಬೇಕೆಂದು ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಬಂದಿದ್ದೆ, ಬದಲಿಗೆ ಅವಳ ತೋಳು ಹಿಡಿದು ಕುರ್ಚಿಗೆ ಕೂರಿಸಿದೆ.

"ಮೊಮ್ಮಗಳ ಫೋಟೋ ತೋರ್ಸು ಮೊದ್ಲು," ಎಂದಳು.

ತೋರಿಸಿದೆ. ಒಂದೊಂದನ್ನೂ ದೊಡ್ಡದು ಮಾಡಿ ಮಾಡಿ ನೋಡಿದಳು. ಆಮೇಲೆ ಕಾಫಿ ಕುಡಿದು, ನಾನು ನಡೆದದ್ದೆಲ್ಲ ಹೇಳಿದೆ. ಕಾಲು ಭಾಗ ಮಾತ್ರ ಹಾಕಿದ್ದು, ಹಲ್ಲಿನ ಗಂಟು ಬ್ಯಾಂಕಿನಲ್ಲೇ ಇರುವುದು. ಅಕ್ಕ ಲೋಟ ಕೆಳಗಿಟ್ಟಳು.

"ಅದನ್ನ ಹೇಳ್ಬಾರ್ದಾಗಿತ್ತಾ?" ಎಂದಳು.

ನಾನು ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ.

"ಹೋಗ್ಲಿ ಬುಡು. ಮೊಮ್ಮಗಳು ಹುಟ್ಟಿದ್ಲು ನಿಂಗೆ. ನಾನೂ ಕೇಳ್ಳಿಲ್ಲ." ಲೋಟ ಮತ್ತೆ ಎತ್ತಿಕೊಂಡು, "ಏರ್ತದೆ ಕಣೇ. ಹೋದ ಸಲನೂ ಇಳ್ದು ಏರಿತ್ತಂತೆ. ಓನರ್ರು ತೋರಿಸ್ದ. ಕಾಯಾಣ."

"ಎಷ್ಟು ದಿನ?"

"ಏರೋ ಗಂಟ."

ಅವಳ ಮಾತನ್ನು ಮುರಿಯಲು ನನಗೆ ಧೈರ್ಯವಿರಲಿಲ್ಲ. ಒಮ್ಮೆ ನಾನು ಹೇಳಿ ಕೆಟ್ಟಿತು, ಎರಡನೇ ಸಲವೂ ನನ್ನ ಮಾತೇ ಯಾಕೆ? ಅಳಿಯ ಹೇಳಿದ್ದು ನೆನಪಾಯಿತು. ಫಂಡಿನವರಿಗೇ ಫೋನ್ ಮಾಡೋಣ, ಅವರ ಬಾಯಿಂದಲೇ ಕೇಳೋಣ ಎಂದೆ.

ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲೆ ಇಟ್ಟೆವು. ಕನ್ನಡ, ಕನ್ನಡ ಎಂದು ನಾನು ಹೇಳುತ್ತಲೇ ಇದ್ದೆ. ಸಂಗೀತ ಹಾಕಿದರು, ನಿಲ್ಲಿಸಿದರು, ಮತ್ತೆ ಹಾಕಿದರು. ಕೊನೆಗೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಮಾತಾಡಿದಳು. ಅವಳು ಸಲಹೆಗಾರ್ತಿ. ಹಿಂದೆಯೇ ಧಾರವಾಡದ ಕಡೆಯ ಗಂಡಸಿನ ದನಿ.

"ನಮಸ್ಕಾರ್ರೀ. ನಾ ದುಭಾಷಿ. ಬರೇ ಮಾತು ದಾಟಸಾಂವ. ಸಲಹಾ ಕೊಡೂದಿಲ್ಲ. ಮೊದ್ಲ ನಿಮ್ಮ ಹುಟ್ಟಿದ ತಾರೀಖ್ ಕೇಳ್ಲಿಕತ್ತಾರ."

ಅಕ್ಕ ಗಂಟಲು ಸರಿ ಮಾಡಿಕೊಂಡು, "ಗೌರಿ ಹಬ್ಬದ ಹಿಂದಿನ ದಿನ ಅಂತಿದ್ಲು ನಮ್ಮವ್ವ" ಎಂದಳು.

ದುಭಾಷಿ ಇಂಗ್ಲಿಷಿನಲ್ಲಿ ಶುರು ಮಾಡಿ ನಿಲ್ಲಿಸಿದ. "ಯವ್ವಾ, ಅದನ್ನ ನಾ ಇಂಗ್ಲಿಷ್‌ನ್ಯಾಗ ಹ್ಯಾಂಗ ಹೇಳ್ಲಿ?"

"ಪಾಸ್‌ಪೋರ್ಟಲ್ಲಿ ಇರೋದು ಹೇಳಕ್ಕ," ಎಂದೆ ನಾನು.

"ಅದು ಇಸ್ಕೂಲ್ ಮೇಷ್ಟ್ರು ಬರ್ಕಂಡಿದ್ದು ಕಣೇ, ಸುಳ್ಳು."

"ಸುಳ್ಳೇ ಹೇಳು. ಇಲ್ಲಿ ಅದೇ ನಿಜ."

ದುಭಾಷಿ ಕೆಮ್ಮಿದಂತೆ ಮಾಡಿ ನಗು ನುಂಗಿಕೊಂಡ. ಮೇಷ್ಟ್ರ ತಾರೀಖು ಒಪ್ಪಿಗೆಯಾಯಿತು. ಹೆಸರು, ವಿಳಾಸ ಎಲ್ಲ ಸರಿಹೋದ ಮೇಲೆ ಅಕ್ಕ ತನ್ನ ಪ್ರಶ್ನೆ ಕೇಳಿದಳು, "ಇದು ಯಾವಾಗ ಏರ್ತದೆ?"

"ಅದು ಯಾರಿಗೂ ಗೊತ್ತಿಲ್ಲಂತ್ರೀ. ತಮಗೂ ಗೊತ್ತಿಲ್ಲಂತಾರ. ಈ ರೊಕ್ಕ ನಿಮಗ ಯಾವಾಗ ಬೇಕು ಅಂತ ಕೇಳ್ತಾರ."

ಅಕ್ಕ ಮೇಜಿನ ಮೇಲೆ ಬಿದ್ದಿದ್ದ ಸಕ್ಕರೆ ಹರಳನ್ನು ಬೆರಳಿನಿಂದ ಒತ್ತಿ ಎತ್ತಿಕೊಂಡಳು. ಆ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಅವಳಿಗೆ ಕೇಳಿರಲಿಲ್ಲ. ನಾನು ಕೇಳಿರಲಿಲ್ಲ, ಮಾಲೀಕ ಕೇಳಿರಲಿಲ್ಲ.

"ಬೇಕಾಗಿದ್ದು ಹೋದ ತಿಂಗ್ಳು," ಎಂದಳು. "ಮಂಡಿಗೆ."

ಇಂಗ್ಲಿಷಿನಲ್ಲಿ ಮಾತಾಯಿತು. ದುಭಾಷಿಯ ದನಿ ಈಗ ಮೆತ್ತಗಾಗಿತ್ತು. "ಅವರಂತಾರ, ಸಣ್ಣ ಕಂಪನಿ ಆಯ್ಕೆ ಕಡಿಮಿ ಅಂದ್ರ ಏಳು ವರ್ಷ ಮುಟ್ಟದ ರೊಕ್ಕಕ್ಕ. ಒಂದು ವರ್ಷದಾಗ ದವಾಖಾನಿಗೆ ಬೇಕಾದದ್ದನ್ನ ಅಲ್ಲಿ ಇಡಬಾರದು. ಇಳದದ್ದು ಹೊಳ್ಳಿ ಬರಬಹುದು, ಇನ್ನೂ ಇಳೀಬಹುದು. ಅದು ಬರೂತನಾ ಕಾಯೂದಾದ್ರ ಮಂಡಿನೂ ಕಾಯಬೇಕಾಗ್ತದ. ಅದಕ್ಕ ತಯಾರದೀರೇನು ಅಂತ ಕೇಳ್ಲಿಕತ್ತಾರ. ಯಾವುದು ಮಾಡಬೇಕಂತ ತೀರ್ಮಾನ ನಿಮ್ದು."

ಅಕ್ಕ ಯೋಚನೆ ಮಾಡಿ ಹೇಳುತ್ತೇನೆ ಎಂದಳು. ಫೋನ್ ಇಟ್ಟೆವು. ಹೊರಗೆ ಪಕ್ಕದ ಮನೆಯವರು ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು.

ನಾನು ಕೇಳಿದೆ, "ಅಕ್ಕ, ನಮ್ಮ ಚೀಟೀಲಿ ಮೊದ್ಲು ಎತ್ತೋರು ಯಾರು?"

"ಇನ್ಯಾರು? ಅವಸರ ಇರೋರು."

"ಪೂರ್ತಿ ಸಿಗ್ತದಾ ಅವರಿಗೆ?"

"ಎಲ್ಲಿ ಸಿಗ್ತದೆ, ಬಿಟ್ಕೊಟ್ಟೇ ಎತ್ಬೇಕು."

"ಬಿಟ್ಕೊಟ್ಟು ಎತ್ತಿದ್ರು ಅಂತ ನಾವು ಯಾವತ್ತಾದ್ರೂ ಅವರನ್ನ ದಡ್ಡರು ಅಂದಿದೀವಾ?"

ಅಕ್ಕ ನನ್ನನ್ನು ನೋಡಿದಳು.

"ಕಡೇಲಿ ಎತ್ತೋರಿಗೆ ಜಾಸ್ತಿ. ನಾನು ಕಡೇಲಿ ಎತ್ತೋಳು, ನಂಗೆ ಅವಸರ ಇಲ್ಲ. ನಿಂದು ಮೊದಲನೇ ಚೀಟಿ. ಇಬ್ರೂ ಒಂದೇ ಕಡೆ ಕಾಯ್ತಾ ಕೂತಿದೀವಿ. ನೀನು ಎತ್ಬೇಕು ಅಕ್ಕ."

"ಎತ್ತಿದ್ರೆ ಸಾಲಲ್ವಲ್ಲೇ. ಅದಕ್ಕೇ ಅಲ್ವಾ ನಾನು ಡೇಟ್ ಬುಟ್ಟಿದ್ದು."

ಇದಕ್ಕೆ ನಾನು ವಿಮಾನದಲ್ಲೇ ಉತ್ತರ ಹುಡುಕಿಕೊಂಡು ಬಂದಿದ್ದೆ. "ಚೀಟೀಲಿ ಕಮ್ಮಿ ಬಿದ್ರೆ ತುಂಬೋದು ತಲೆಯವಳು. ಹಲ್ಲಿನ ಗಂಟು ಇದೆ. ಅದರಿಂದ ತುಂಬ್ತೀನಿ."

ಅಕ್ಕನಿಗೆ ಸಿಟ್ಟು ಬಂತು. ನಿಜವಾದ ಸಿಟ್ಟು. "ನಿನ್ನ ಬಾಯಿ ಕಿತ್ತು ನನ್ನ ಕಾಲಿಗೆ ಹಾಕ್ಲಾ? ಬ್ಯಾಡ. ನಾನು ಯಾರ ಹತ್ರನೂ ಸಾಲ ತಕಂಡಿಲ್ಲ ಈ ದೇಶಕ್ಕೆ ಬಂದ್ಮೇಲೆ. ಮಗನ ಹತ್ರನೇ ಕೇಳ್ಳಿಲ್ಲ."

"ಸಾಲ ಅಂತ ಯಾರಂದ್ರು? ಮೊದಲನೇ ಚೀಟಿ ಎತ್ತಿದೀಯ. ಎತ್ತಿದೋರು ಏನ್ಮಾಡ್ತಾರೆ? ತಿಂಗಳು ತಿಂಗಳು ಕಂತು ಹಾಕ್ತಾರೆ. ಕಾಲು ಸರಿಹೋದ್ಮೇಲೆ ಹಾಕು."

"ನಿನ್ನ ಹಲ್ಲು?"

"ಮೊಮ್ಮಗಳೂ ಮುಂದೆ ಗಂಜಿ ತಾನೇ ಕುಡಿಯೋದು? ಜೊತೇಲಿ ಕುಡೀತೀನಿ."

ನಗಲಿಲ್ಲ ಅವಳು. ಎದ್ದು ಒಳಗೆ ಹೋಗಬೇಕೆಂದು ಮೇಜಿಗೆ ಕೈ ಊರಿದಳು. ಏಳಲು ಆಗಲಿಲ್ಲ. ಇನ್ನೊಮ್ಮೆ ಊರಿದಳು. ನಾನು ಹಿಡಿದುಕೊಳ್ಳಲು ಹೋಗಲಿಲ್ಲ, ಕೂತೇ ಇದ್ದೆ. ಕಷ್ಟವಾಯಿತು, ಆದರೂ ಕೂತೆ. ಮೂರನೇ ಸಲ ಪ್ರಯತ್ನ ಮಾಡದೆ ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, "ಮಾಡು ಫೋನು" ಎಂದಳು.

ಈ ಸಲ ದುಭಾಷಿ ಬೇರೆಯವರು, ಒಬ್ಬ ಹೆಂಗಸು. ಅಕ್ಕ ಮೇಷ್ಟ್ರ ತಾರೀಖನ್ನು ಕೇಳುವ ಮೊದಲೇ ಹೇಳಿದಳು. ಎಲ್ಲವನ್ನೂ ಕ್ಯಾಶ್ ಆಯ್ಕೆಗೆ ಬದಲಾಯಿಸಿ ಎಂದಳು. ನಷ್ಟ ಆಗುತ್ತದೆ, ಗೊತ್ತಿದೆಯೇ ಎಂದು ಕೇಳಿದರು. ಗೊತ್ತಿದೆ ಎಂದಳು. ಬದಲಾಗಲು ಕೆಲವು ಕೆಲಸದ ದಿನ ಬೇಕು, ಆಮೇಲೆ ದುಡ್ಡು ತೆಗೆಯಲು ಗುರುತಿನ ಕಾಗದಗಳಿಗೆ ಸಹಿ ಹಾಕಿಸಬೇಕು ಎಂದರು. ಇಲ್ಲಿ ಔಷಧಿ ಅಂಗಡಿಯವರೂ ಅಂಥ ಸಹಿ ಹಾಕಬಹುದು, ಅವರ ಹತ್ತಿರ ಹಾಕಿಸಿದೆವು. ಆಸ್ಪತ್ರೆಗೆ ಫೋನ್ ಮಾಡಿದಾಗ ಮಾತ್ರ ಅಕ್ಕ ನನ್ನನ್ನು ಮಾತಾಡಲು ಬಿಡಲಿಲ್ಲ. ತನಗೆ ಬರುವ ನಾಲ್ಕು ಇಂಗ್ಲಿಷ್ ಮಾತಿನಲ್ಲೇ, "ಮೈ ನೀ ಆಪರೇಷನ್, ಕ್ಯಾನ್ಸಲ್, ನೋ ಕ್ಯಾನ್ಸಲ್" ಎಂದು ತಾನೇ ಹೇಳಿದಳು. ಬಿಟ್ಟ ದಿನ ಸಿಗಲಿಲ್ಲ. ಇನ್ನೊಂದು ದಿನ ಸಿಕ್ಕಿತು. ಮೊದಲಿಗಿಂತ ತಡ, ಆದರೆ ಒಂದು ದಿನ.

ಮಗನಿಗೂ ಹೇಳಿಸಿದೆ. ಹೇಳಲೇಬೇಕು ಎಂದು ಹಟ ಹಿಡಿದೆ. ಅವನು ಅಮ್ಮನ ಮೇಲೆ ರೇಗಿದ, ನನ್ನ ಮೇಲೂ ರೇಗಿದ, ಆಮೇಲೆ ಗ್ಯಾರೇಜಿಗೆ ಹೋಗಿ ತುಂಬಾ ಹೊತ್ತು ಬರಲಿಲ್ಲ. ಬಂದವನು ಆಪರೇಷನ್ನಿನ ವಾರಕ್ಕೆ ರಜೆ ಹಾಕಿದ್ದೇನೆ ಎಂದ.

ನಾನು ಮೆಲ್ಬರ್ನ್‌ಗೆ ವಾಪಸು ಹೋಗಿ, ಬಾಣಂತನ ಮುಗಿಸಿ, ಆಪರೇಷನ್ ಆದ ಮೇಲೆ ಮತ್ತೆ ಸಿಡ್ನಿಗೆ ಬಂದೆ. ಆ ನಡುವೆ ಸಣ್ಣ ಕಂಪನಿಗಳು ಸ್ವಲ್ಪ ಚೇತರಿಸಿಕೊಂಡವೆಂದು ಅಳಿಯ ಹೇಳಿದ. ಅಕ್ಕ ಕಾದಿದ್ದರೆ ಒಂದಿಷ್ಟು ಬರುತ್ತಿತ್ತು. ಅದನ್ನು ಅವಳಿಗೆ ಹೇಳಲೋ ಬೇಡವೋ ಎಂದು ತುಂಬಾ ಯೋಚಿಸಿದೆ. ಒಮ್ಮೆ ಅರ್ಧ ಹೇಳಿ ಆದದ್ದು ಸಾಕು. ಹೇಳಿದೆ.

"ಗೊತ್ತು," ಎಂದಳು. "ಓನರ್ ತೋರಿಸ್ದ. ಒಂದಿನ ಹೊಟ್ಟೆ ಉರೀತು. ಆಮೇಲೆ ಬುಟ್ಟೆ."

ಆಸ್ಪತ್ರೆಯಲ್ಲಿ ಅಭ್ಯಾಸಕ್ಕೆಂದು ನಾಲ್ಕು ಮೆಟ್ಟಿಲು ಮಾಡಿಟ್ಟಿದ್ದಾರೆ. ಎಲ್ಲಿಗೂ ಹೋಗದ ಮೆಟ್ಟಿಲು. ಈ ಕಡೆಯಿಂದ ಹತ್ತಿ ಆ ಕಡೆಯಿಂದ ಇಳಿಯಬೇಕು. ವ್ಯಾಯಾಮ ಮಾಡಿಸುವ ಎಳೆಯ ಹುಡುಗಿ ಅಕ್ಕನ ಸೊಂಟಕ್ಕೆ ಪಟ್ಟಿ ಕಟ್ಟಿ ಹಿಡಿದುಕೊಂಡಿದ್ದಳು. ಅಕ್ಕ ಕಂಬಿ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಆ ಹುಡುಗಿಯ ವಂಶವನ್ನೆಲ್ಲ ಕನ್ನಡದಲ್ಲಿ ಬೈದಳು. ಹುಡುಗಿ, "ಬ್ಯೂಟಿಫುಲ್, ಬ್ಯೂಟಿಫುಲ್" ಎಂದಳು. ಅಕ್ಕ ಇನ್ನೂ ಜೋರಾಗಿ ಬೈದು ಎರಡನೆಯದನ್ನು ಹತ್ತಿದಳು. ಎಡಗಾಲು ನೆಟ್ಟಗಿತ್ತು. ಅಷ್ಟು ವರ್ಷ ಜೊತೆಗಿದ್ದರೂ ಅವಳು ಅಷ್ಟು ಎತ್ತರದವಳೆಂದು ನನಗೆ ಗೊತ್ತಿರಲಿಲ್ಲ.

ಮೇಲೆ ನಿಂತು ಉಸಿರು ತೆಗೆದುಕೊಂಡಳು. ಬೆವರಿದ್ದಳು.

"ಬಲಗಡೆದೂ ಮಾಡಿಸ್ಬೇಕಂತೆ ಕಣೇ," ಎಂದಳು. "ಇನ್ನೆರಡು ವರ್ಷ ಬಿಟ್ಟು. ಡಾಕ್ಟ್ರು ಹೇಳಿದ್ರು."

"ಆಯ್ತು, ಮಾಡ್ಸು."

"ಉಳಿದಿರೋದು, ಮುಂದೆ ಬರೋದು, ಎಲ್ಲಿಡ್ಲಿ?"

"ಕ್ಯಾಶಲ್ಲೇ."

"ಅದ್ರಲ್ಲಿ ಏನೂ ಹುಟ್ಟಲ್ಲ ಕಣೇ."

"ಹುಟ್ಟೋದು ಬ್ಯಾಡ. ಅದು ಮಂಡಿ."

ಅಕ್ಕ ಈ ಸಲ ಯಾಕೆ ಎಂದು ಕೇಳಿದಳು, ಎಷ್ಟು ಎಂದು ಕೇಳಿದಳು, ಪೂರ್ತಿ ಹೇಳು ಎಂದಳು. ಪೂರ್ತಿ ಹೇಳಿದೆ. ಕೆಳಗೆ ಹುಡುಗಿ ಪಟ್ಟಿ ಹಿಡಿದುಕೊಂಡು, ನಾವು ಏನು ಮಾತಾಡುತ್ತಿದ್ದೇವೆಂದು ತಿಳಿಯದೆ, ನಗುತ್ತಾ ಕಾಯುತ್ತಿದ್ದಳು. ಎಲ್ಲ ಕೇಳಿಸಿಕೊಂಡ ಮೇಲೆ ಅಕ್ಕ, "ಸರಿ ಹಂಗಾದ್ರೆ" ಎಂದು, ಕಂಬಿಯ ಮೇಲೆ ಕೈ ಮುಂದಕ್ಕೆ ಸರಿಸಿ, ಆ ಕಡೆಯ ಮೆಟ್ಟಿಲಿಗೆ ಹೊಸ ಕಾಲನ್ನು ಇಳಿಸಿದಳು.